ಜೋಡಿ ಹಕ್ಕಿಯ ತಲೆ ಬೋಳಾಗುತ್ತಿದೆಯಾ? ಕಾಯುತ್ತಾ ಕೂರಬೇಡಿ

ಹಕ್ಕಿ ತನ್ನ ತಲೆಯ ಗರಿಯನ್ನು ತಾನೇ ಕಿತ್ತುಕೊಳ್ಳಲಾರದು. ಕೊಕ್ಕು ಅಲ್ಲಿಗೆ ಎಟುಕುವುದೇ ಇಲ್ಲ. ಎದೆ, ಕಾಲು, ರೆಕ್ಕೆಯ ಅಡಿ ಬೋಳಾಗಿದ್ದರೆ ತಾನೇ ಕಿತ್ತುಕೊಂಡಿರಬಹುದು. ನೆತ್ತಿಯೋ ಕತ್ತಿನ ಹಿಂಭಾಗವೋ ಬೋಳಾಗಿದ್ದರೆ ಮೊದಲ ಅನುಮಾನ ಪಕ್ಕದಲ್ಲಿ ಕೂತಿರುವ ಸಂಗಾತಿಯ ಮೇಲೆ ಇರಲಿ.

ನಮ್ಮ ಎರಡು ಆಫ್ರಿಕನ್ ಲವ್‌ಬರ್ಡ್‌ಗಳನ್ನು 'ಗಂಡು ಹೆಣ್ಣು, ಒಳ್ಳೆ ಜೋಡಿ' ಎಂದು ಮಾರಿದವರು ಇದನ್ನು ಹೇಳಲಿಲ್ಲ. ಕತ್ತಿನ ಗರಿ ಹೋಗುತ್ತಿದೆ ಎಂದಾಗ, "ಗರಿ ಉದುರೋ ಕಾಲ, ಸುಮ್ನಿರಿ" ಎಂದರು. ಗರಿ ಉದುರುವ ಕಾಲದಲ್ಲಿ ಅಲ್ಲೊಂದು ಇಲ್ಲೊಂದು ಉದುರಿ, ಹಿಂದೆಯೇ ಹೊಸದು ಬರುತ್ತದೆ. ಒಂದೇ ಕಡೆ ಚರ್ಮ ಕಾಣುವಷ್ಟು ಬೋಳಾಗುವುದಿಲ್ಲ. ಆಮೇಲೆ ಬಂದ ಸಲಹೆ ಇನ್ನೂ ಕೆಟ್ಟದ್ದು: "ಗೂಡಿನ ಪೆಟ್ಟಿಗೆ ಹಾಕಿ, ಮೊಟ್ಟೆ ಇಟ್ರೆ ಜಗಳ ನಿಲ್ಲುತ್ತೆ." ಪೆಟ್ಟಿಗೆ ಹಾಕಿದ ಮೇಲೆ ಜಗಳ ಜಾಸ್ತಿಯಾಯಿತು. ಗೂಡು ಸಿಕ್ಕ ಹೆಣ್ಣು ಲವ್‌ಬರ್ಡ್ ಅದನ್ನು ಕಾಯಲು ಯಾರ ಮೇಲಾದರೂ ಏರಿ ಹೋಗುತ್ತದೆ.

ಇದರಲ್ಲಿ ಮೋಸ ಹೋಗುವುದು ಸುಲಭ, ಯಾಕೆಂದರೆ ಎಲ್ಲ ಪ್ರೀತಿಯಿಂದಲೇ ಶುರುವಾಗುತ್ತದೆ. ಒಂದು ಕತ್ತು ಬಾಗಿಸಿ ಕಣ್ಣು ಮುಚ್ಚುತ್ತದೆ, ಇನ್ನೊಂದು ಮೆಲ್ಲಗೆ ಗರಿ ನೇವರಿಸುತ್ತದೆ. ತಟ್ಟನೆ ಒಂದು ಎಳೆತ, ಒಂದು ಕಿರುಚು. ಕಿತ್ತಿಸಿಕೊಂಡಿದ್ದು ಸ್ವಲ್ಪ ಸರಿದು ಮತ್ತೆ ಬಂದು ಕತ್ತು ಕೊಡುತ್ತದೆ! ಹೊಸ ಗರಿಯ ದಂಟಿನಲ್ಲಿ ರಕ್ತ ಹರಿಯುತ್ತಿರುತ್ತದೆ. ಅಂಥದ್ದು ಕಿತ್ತರೆ ಕೊಂಬೆಯ ಮೇಲೆ ರಕ್ತದ ಚುಕ್ಕೆ ಕಾಣುತ್ತದೆ. ನಮಗೂ ಕಂಡಿತು. ಕೆಲವೇ ದಿನದಲ್ಲಿ ಅದೇ ಹಕ್ಕಿ ಪಂಜರದ ತಳದಲ್ಲಿ ಮೂಲೆ ಹಿಡಿದು ಕೂತಿತ್ತು. ಒಂದು ಕಾಲ್ಬೆರಳ ತುದಿಯೇ ಇರಲಿಲ್ಲ. ಲವ್‌ಬರ್ಡ್‌ಗಳು ಜಗಳಕ್ಕೆ ಬಿದ್ದರೆ ಬೆರಳಿಗೇ ಬಾಯಿ ಹಾಕುತ್ತವೆ.

ಹಕ್ಕಿ ಡಾಕ್ಟರು ಮೊದಲು ಹುಳ, ಚರ್ಮದ ಸೋಂಕು, ಗರಿ ಮತ್ತು ಕೊಕ್ಕನ್ನು ಹಾಳುಮಾಡುವ ಪಿಬಿಎಫ್‌ಡಿ ವೈರಸ್ ಇಲ್ಲವೆಂದು ಖಾತ್ರಿ ಮಾಡಿಕೊಂಡರು. ಡಿಎನ್‌ಎ ಪರೀಕ್ಷೆಯಲ್ಲಿ ಎರಡೂ ಹೆಣ್ಣು ಎಂದು ಬಂತು. ಪೀಚ್‌ಫೇಸ್ ಎಂಬ ಜಾತಿಯ ಲವ್‌ಬರ್ಡ್‌ನಲ್ಲಿ ನೋಡಿ ಗಂಡು ಹೆಣ್ಣು ಹೇಳಲು ಆಗುವುದಿಲ್ಲ. ಹೇಳುತ್ತೇನೆ ಅನ್ನುವವರನ್ನು ನಂಬಬೇಡಿ. ಹಾಗಂತ ಗಂಡು ಹೆಣ್ಣಾಗಿದ್ದರೆ ಎಲ್ಲ ಸರಿ ಎಂದೂ ಅಲ್ಲ. ಕಾಕಟೂ ಎಂಬ ದೊಡ್ಡ ಗಿಳಿಗಳಲ್ಲಿ ಗಂಡು ತನ್ನ ಜೋಡಿಯನ್ನೇ ಕೊಂದು ಹಾಕುವುದುಂಟು.

ಗರಿಯನ್ನು ಮತ್ತೆ ಮತ್ತೆ ಕಿತ್ತರೆ ಅದರ ಬುಡವೇ ಹಾಳಾಗಿ ಅಲ್ಲಿ ಮತ್ತೆ ಗರಿ ಬರದೇ ಇರಬಹುದು. ಅದಕ್ಕೇ ಕಾಯಬೇಡಿ ಎನ್ನುತ್ತಿರುವುದು. ಬೋಳು ಕಂಡ ದಿನವೇ ಬೇರೆ ಪಂಜರ. ಎರಡನ್ನೂ ಒಂದೇ ಕೋಣೆಯಲ್ಲಿಡಿ, ಒಂದನ್ನೊಂದು ಕೂಗಿಕೊಳ್ಳಲಿ. ಆದರೆ ಪಂಜರಗಳು ಒಂದಕ್ಕೊಂದು ತಾಗಬಾರದು, ಕಂಬಿಯ ಸಂದಿಯಿಂದಲೂ ಬೆರಳು ಕಚ್ಚುತ್ತವೆ. ಗೂಡಿನ ಪೆಟ್ಟಿಗೆ, ಬಟ್ಟೆಯ ಟೆಂಟು, ಹರಿಯಲು ಹಾಕಿದ ಪೇಪರು, ಕನ್ನಡಿ ಎಲ್ಲ ತೆಗೆಯಿರಿ. ದಿನವೂ ರಾತ್ರಿ ಹತ್ತು-ಹನ್ನೆರಡು ಗಂಟೆಗಳ ಕಾಲ ಪೂರ್ತಿ ಕತ್ತಲೆ ಬೇಕು, ಬೆಳಕು ಜಾಸ್ತಿಯಾದಷ್ಟೂ ಮರಿ ಮಾಡುವ ಹುಮ್ಮಸ್ಸು ಏರುತ್ತದೆ. ಬೆನ್ನು ಸವರುವುದನ್ನೂ ನಿಲ್ಲಿಸಿ. ಕಹಿ ಸ್ಪ್ರೇ ಹೊಡೆಯಿರಿ, ಕೊಕ್ಕಿನ ತುದಿ ಕತ್ತರಿಸಿ ಎನ್ನುವವರೂ ಸಿಗುತ್ತಾರೆ. ಕೇಳಬೇಡಿ.

ರಕ್ತ ಬರುತ್ತಿದ್ದರೆ ಕಾರ್ನ್‌ಫ್ಲೋರ್ ಹಚ್ಚಿ, ಸ್ವಚ್ಛ ಬಟ್ಟೆಯಿಂದ ಆ ಜಾಗವನ್ನಷ್ಟೇ ಒತ್ತಿ ಹಿಡಿಯಿರಿ. ಎದೆಯನ್ನು ಮಾತ್ರ ಅದುಮಬೇಡಿ. ಎದೆ ಆಡದಿದ್ದರೆ ಹಕ್ಕಿಗೆ ಉಸಿರಾಡಲು ಆಗುವುದಿಲ್ಲ. ಕೆಲವು ನಿಮಿಷದಲ್ಲಿ ರಕ್ತ ನಿಲ್ಲದಿದ್ದರೆ ಬೆಳಗಾಗಲಿ ಎಂದು ನೋಡದೆ ಡಾಕ್ಟರ ಬಳಿ ಹೊರಡಿ.