ಗಾಲಿಯೊಳಗಿನ ಮೋಟರ್ ಮತ್ತು ಬಳ್ಳಾರಿ ಜಾಲಿಯ ಮುಳ್ಳು: ಇ-ಸೈಕಲ್ಲಿನ ಎರಡೂವರೆ ವರ್ಷ

ಚಿತ್ರದುರ್ಗದಲ್ಲಿ ಸೈಕಲ್ ತುಳಿಯುವವರಿಗೆ ಬಳ್ಳಾರಿ ಜಾಲಿಯ ಮುಳ್ಳನ್ನು ಪರಿಚಯಿಸಬೇಕಾಗಿಲ್ಲ. ಹಿಂದಿನ ಗಾಲಿಯ ನಡುವಿನ ಹಬ್‌ನಲ್ಲೇ ಗೇರ್ ಸಹಿತ ಮೋಟರ್ ಇರುವ 250 ವ್ಯಾಟ್‌ನ ಸೈಕಲ್ಲನ್ನು ಕೊಳ್ಳುವಾಗ, ಒಮ್ಮೆ ಚಾರ್ಜ್ ಮಾಡಿದರೆ ಎಷ್ಟು ದೂರ ಹೋಗುತ್ತದೆ, ಏರು ಹತ್ತುತ್ತದೆಯೇ ಎಂದೆಲ್ಲ ವಿಚಾರಿಸಿದ್ದೆನೇ ಹೊರತು, ಪಂಕ್ಚರ್ ಆದ ದಿನ ಆ ಗಾಲಿಯನ್ನು ಬಿಚ್ಚುವವರು ಯಾರು ಎಂದು ಕೇಳಿರಲಿಲ್ಲ.

ಮೂರನೆಯ ವಾರವೇ ಹೊಳಲ್ಕೆರೆ ರಸ್ತೆಯಲ್ಲಿ ಹಿಂದಿನ ಗಾಲಿ ಕೂತಿತು. ಪಂಕ್ಚರ್ ಅಂಗಡಿಯವರು ಆಕ್ಸಲ್ ತುದಿಯಿಂದ ಹೊರಬಂದ ದಪ್ಪ ವೈರನ್ನು ನೋಡಿದ ಕೂಡಲೇ ಕೈ ಹಿಂದಕ್ಕೆ ತೆಗೆದುಕೊಂಡರು. "ಸಾರ್, ಇದು ಕರೆಂಟಿನ ಗಾಲಿ. ನಾನು ಬಿಚ್ಚಿದ ಮೇಲೆ ಓಡಲಿಲ್ಲ ಅಂದ್ರೆ ನನ್ನ ತಲೆಗೇ ಬರುತ್ತೆ, ಬ್ಯಾಡ ಬಿಡಿ" ಎಂದರು. ಮಾರಿದವರಿಗೆ ಫೋನ್ ಮಾಡಿದರೆ, ಮೆಕ್ಯಾನಿಕ್ ವಾರಕ್ಕೊಮ್ಮೆ ಮಾತ್ರ ಬರುತ್ತಾನೆ ಎಂಬ ಉತ್ತರ ಬಂತು. ಮೋಟರು, ಬ್ಯಾಟರಿಗಳ ಭಾರ ಹೊತ್ತ ಸೈಕಲ್ಲನ್ನು ಬಿಸಿಲಲ್ಲಿ ಮನೆಯವರೆಗೆ ತಳ್ಳಿಕೊಂಡು ಬಂದೆ.

ಆಮೇಲೆ ನಾನೇ ಕಲಿತೆ. 18 ನಂಬರಿನ ಸ್ಪ್ಯಾನರ್‌ನಿಂದ ಎರಡೂ ನಟ್ ಸಡಿಲಿಸಬೇಕು, ವೈರಿನ ಕನೆಕ್ಟರನ್ನು ತಿರುಚದೆ ನೇರವಾಗಿ ಎಳೆಯಬೇಕು, ಮತ್ತೆ ಸೇರಿಸುವಾಗ ಎರಡೂ ಬದಿಯ ಬಾಣದ ಗುರುತು ಎದುರುಬದುರಾಗಬೇಕು. ಹಲ್ಲಿರುವ ವಾಷರನ್ನು ಸರಿಯಾಗಿ ಕೂರಿಸದಿದ್ದರೆ ಮೋಟರಿನ ಎಳೆತಕ್ಕೆ ಆಕ್ಸಲ್ಲೇ ತಿರುಗಿ ವೈರು ತುಂಡಾಗುವ ಅಪಾಯವಿದೆ. ಒಂದು ಮುಳ್ಳಿಗಾಗಿ ಇಷ್ಟೆಲ್ಲ ಮಾಡುವಾಗ ಆ ಗಾಲಿಯನ್ನು ಶಪಿಸದ ದಿನವಿರಲಿಲ್ಲ.

ಗಾಲಿಯನ್ನು ಬಿಚ್ಚುವ ಅಗತ್ಯವೇ ಇಲ್ಲ ಎಂದು ತಿಳಿಯಲು ನನಗೆ ಎಂಟು ತಿಂಗಳು ಬೇಕಾಯಿತು. ಈಗ ಭಾನುವಾರ ಬೆಳಿಗ್ಗೆ ಕಾಫಿ ಮುಗಿಸಿ, ಸೈಕಲ್ಲನ್ನು ಅಂಗಳದಲ್ಲಿ ಗೋಣಿಚೀಲದ ಮೇಲೆ ಮಲಗಿಸಿ, ಟೈರಿನ ಒಂದೇ ಬದಿಯನ್ನು ಎಬ್ಬಿಸಿ ಟ್ಯೂಬನ್ನು ಹೊರಗೆಳೆಯುತ್ತೇನೆ. ಗಾಳಿ ತುಂಬಿ ಬೇಸಿನ್ನಿನ ನೀರಿನಲ್ಲಿ ಸ್ವಲ್ಪ ಸ್ವಲ್ಪವೇ ಅದ್ದುತ್ತ ಹೋದರೆ ಒಂದೆಡೆ ಗುಳ್ಳೆಗಳು ಸಾಲಾಗಿ ಏಳುತ್ತವೆ. ಅಲ್ಲಿ ಒರೆಸಿ, ಮರಳು ಕಾಗದದಿಂದ ಉಜ್ಜಿ, ಸಲ್ಯೂಷನ್ ಹಚ್ಚಿ, ಅದರ ಹೊಳಪು ಆರುವವರೆಗೆ ಕಾದು ಪ್ಯಾಚ್ ಒತ್ತುತ್ತೇನೆ. ಕೊನೆಗೆ ಟೈರಿನ ಒಳಮೈಯಲ್ಲಿ ಹೆಬ್ಬೆರಳು ಆಡಿಸಿ ಮುರಿದ ಮುಳ್ಳಿನ ತುದಿಯನ್ನು ಹುಡುಕಿ ಕೀಳುವಾಗ ಸಿಗುವ ಸಮಾಧಾನ, ನಿಜ ಹೇಳಬೇಕೆಂದರೆ, ಸೈಕಲ್ ಓಡಿಸುವಾಗಲೂ ಸಿಗುವುದಿಲ್ಲ.

ಆ ಕೋಪ ಇಳಿದ ಮೇಲೆಯೇ ಮೋಟರಿನ ಗುಣ ನನ್ನ ಕಣ್ಣಿಗೆ ಬಿದ್ದದ್ದು. ಮೋಟರ್ ನಿಂತರೂ ಗಾಲಿಯನ್ನು ತಿರುಗಲು ಬಿಡುವ ಫ್ರೀವೀಲ್ ಒಳಗೆ ಇರುವುದರಿಂದ ಬ್ಯಾಟರಿ ಮುಗಿದರೂ ಇದು ಸಾಧಾರಣ ಸೈಕಲ್ಲಿನಂತೆಯೇ ಉರುಳುತ್ತದೆ. ಗೇರ್ ಇಲ್ಲದ ಹಬ್ ಮೋಟರಿನಲ್ಲಾದರೆ ಆಯಸ್ಕಾಂತಗಳ ಹಿಡಿತ ಕಾಲಿಗೆ ತಿಳಿಯುತ್ತದೆ. ಗಾಳಿಯಂತ್ರಗಳ ರೆಕ್ಕೆಗಳನ್ನು ಬಿಡದೆ ತಿರುಗಿಸುವ ಆಷಾಢದ ಗಾಳಿ ಎದುರಾದಾಗಲೂ ಕಚೇರಿಗೆ ಬೆವರದೆ ತಲುಪಿದ್ದೇನೆ. ಆಡುಮಲ್ಲೇಶ್ವರದ ಕಡೆಗಿನ ಏರಿನಲ್ಲಿ ಮಾತ್ರ ಇದು ಸೋಲುತ್ತದೆ. ಹಬ್ ಮೋಟರಿಗೆ ಸೈಕಲ್ಲಿನ ಗೇರುಗಳ ನೆರವು ದೊರೆಯುವುದಿಲ್ಲವಾದ್ದರಿಂದ, ನಾನು ಚೈನನ್ನು ಹಗುರ ಗೇರಿಗೆ ಇಳಿಸಿದರೆ ನನ್ನ ಕಾಲಿಗೆ ಸುಖವೇ ಹೊರತು ಮೋಟರಿಗಲ್ಲ. ವೇಗ ಕುಸಿದಂತೆ ಅದಕ್ಕೆ ಹೋಗುವ ಕರೆಂಟಿನ ಬಹುಪಾಲು ಶಾಖವಾಗಿ, ಮೇಲೆ ತಲುಪಿ ಹಬ್ ಮುಟ್ಟಿದರೆ ಕೈ ಹಿಂದೆ ಬರುತ್ತದೆ. ಒಳಗಿನ ನೈಲಾನ್ ಗೇರುಗಳಿಗೆ ಆ ಬಿಸಿ ಒಳ್ಳೆಯದಲ್ಲ. ಏಳು ಸಾವಿರ ಕಿಲೋಮೀಟರ್ ಆದ ಮೇಲೆ ನನ್ನವು ಸಣ್ಣಗೆ ಸದ್ದು ಮಾಡಲು ತೊಡಗಿವೆ.

ಪೆಡಲ್ಲಿನ ಬಳಿ ಮೋಟರ್ ಇರುವ ಮಿಡ್-ಡ್ರೈವ್ ಆಗಿದ್ದರೆ ಎಳೆತವೆಲ್ಲ ಚೈನಿನ ಮೂಲಕವೇ ಹೋಗುವುದರಿಂದ ಏರಿನಲ್ಲಿ ಗೇರು ಇಳಿಸಿಕೊಳ್ಳಬಹುದಿತ್ತು; ಹಿಂದಿನ ಗಾಲಿಯೂ ಯಾವ ಅಂಗಡಿಯಲ್ಲಾದರೂ ಬಿಚ್ಚಬಲ್ಲ ಸಾದಾ ಗಾಲಿಯೇ ಆಗಿರುತ್ತಿತ್ತು. ಚೈನ್ ಬೇಗ ಸವೆಯುತ್ತದೆ ಎಂಬುದನ್ನು ಒಪ್ಪಿಕೊಂಡರೂ ಅದರ ಬೆಲೆ ನನ್ನ ಸಂಬಳಕ್ಕೆ ಎಟುಕಲಿಲ್ಲ. ಮುಂದಿನ ಗಾಲಿಗೆ ಮೋಟರ್ ಹಾಕಿಸುವ ಅಗ್ಗದ ದಾರಿಯನ್ನೂ ಯೋಚಿಸಿದ್ದೆ. ಆದರೆ ಭಾರವೆಲ್ಲ ಹಿಂದೆ ಇರುವಾಗ ಮರಳಿನ ಏರಿನಲ್ಲಿ ಮುಂದಿನ ಗಾಲಿ ಸುಮ್ಮನೆ ತಿರುಗಿಬಿಡುತ್ತದೆ.

ದಾವಣಗೆರೆಯಲ್ಲಿರುವ ನನ್ನ ಭಾವಮೈದುನ ಕಳೆದ ತಿಂಗಳು ಯಾವುದನ್ನು ಕೊಳ್ಳಲಿ ಎಂದು ಕೇಳಿದ. ಅವನ ದಿನದ ಓಡಾಟವೆಲ್ಲ ಸಪಾಟು ರಸ್ತೆಯಲ್ಲಿ, ಆದ್ದರಿಂದ ಹಬ್ ಮೋಟರೇ ಸಾಕು ಎಂದೆ. ದುಡ್ಡು ಕೊಡುವ ಮುನ್ನ ಅಂಗಡಿಯಲ್ಲೇ ಬಗ್ಗಿ, ಹಿಂದಿನ ಗಾಲಿಯ ಹತ್ತಿರವೇ ವೈರಿಗೆ ಕನೆಕ್ಟರ್ ಇದೆಯೇ ಅಥವಾ ವೈರು ನೇರ ಮೋಟರನ್ನು ನಿಯಂತ್ರಿಸುವ ಕಂಟ್ರೋಲರ್‌ವರೆಗೂ ಹೋಗುತ್ತದೆಯೇ ಎಂದು ನೋಡಲು ಹೇಳಿದೆ. ನೇರ ಹೋಗುವುದಾದರೆ ಟೈರ್ ಬದಲಿಸುವ ದಿನ ಫ್ರೇಮಿನುದ್ದಕ್ಕೂ ವೈರನ್ನು ಬಿಗಿದು ಕಟ್ಟಿದ ಪ್ಲಾಸ್ಟಿಕ್ ಟ್ಯಾಗ್‌ಗಳನ್ನೆಲ್ಲ ಕತ್ತರಿಸಬೇಕಾಗುತ್ತದೆ.