ಎದುರು ಗಾಳಿಗೆ ಯಾವ ಕ್ಲಬ್? ಆಷಾಢದಲ್ಲಿ ಹೊಡೆದು ನೋಡಿದ ಹೋಲಿಕೆ

ನಾನು ಗಾಲ್ಫ್ ಆಡುವ ಕೋರ್ಸ್ ಬೆಂಗಳೂರಿನ ಹೊರಗಿದೆ. ಅಲ್ಲಿ 490 ಯಾರ್ಡಿನ ಒಂದು ಪಾರ್ 5 (ಐದು ಹೊಡೆತದಲ್ಲಿ ಮುಗಿಸಬೇಕಾದ) ಹೋಲ್ ನೇರ ಪಶ್ಚಿಮಕ್ಕೆ ಮುಖ ಮಾಡಿದೆ. ಮಾರ್ಚ್‌ನಲ್ಲಿ ಸಲೀಸಾಗಿ ಆಡಬಹುದು. ಆಷಾಢದ ಗಾಳಿ ಶುರುವಾಯ್ತು ಅಂದ್ರೆ ಅದೇ ಹೋಲ್ ಗುರುತು ಸಿಗದ ಹಾಗೆ ಬದಲಾಗುತ್ತದೆ. ಮುಂಗಾರಿನ ಗಾಳಿ ಪಶ್ಚಿಮದಿಂದ ನೇರ ಎದೆಗೇ ಬೀಸುತ್ತದೆ. ಬಲಕ್ಕೆ ಕಾಂಪೌಂಡ್ ಗೋಡೆ, ಕುಳಿ ಇರುವ ನುಣುಪು ಹುಲ್ಲಿನ ಜಾಗ, ಅಂದರೆ ಗ್ರೀನಿಗೆ 100 ಯಾರ್ಡ್ ಮುಂಚೆ ಅಡ್ಡಕ್ಕೆ ಒಂದು ಕಾಲುವೆ.

ಹೋದ ವರ್ಷ ಜೂನ್ ಕೊನೆಯಿಂದ ಆಗಸ್ಟ್ ಮೊದಲ ವಾರದವರೆಗೆ, ಹಿಂದೆ ಯಾರೂ ಇಲ್ಲದ ಬೆಳಗಿನ ಹೊತ್ತು ನೋಡಿಕೊಂಡು, ಆರು ದಿನ ಇಲ್ಲೇ ಕ್ಲಬ್‌ಗಳನ್ನು (ಚೆಂಡು ಹೊಡೆಯುವ ಕೋಲುಗಳನ್ನು) ಪರೀಕ್ಷೆ ಮಾಡಿದೆ. ದಿನಕ್ಕೆ ಒಂದೊಂದು ಕ್ಲಬ್ಬಿಗೆ ಎರಡೆರಡು ಚೆಂಡು. ದೂರ ಅಳೆಯಲು ರೇಂಜ್‌ಫೈಂಡರ್. ಗಾಳಿ ಗಂಟೆಗೆ ಸುಮಾರು 25 ಕಿಲೋಮೀಟರ್ ಇದ್ದ ದಿನಗಳನ್ನೇ ಲೆಕ್ಕಕ್ಕೆ ತಗೊಂಡೆ. ಗಾಳಿ ಇಲ್ಲದಾಗ ನನ್ನ ಡ್ರೈವರ್ (ಎಲ್ಲಕ್ಕಿಂತ ದೂರ ಹೊಡೆಯುವ ಕ್ಲಬ್) 235 ಯಾರ್ಡ್ ಹೋಗಿ ನಿಲ್ಲುತ್ತದೆ, 3 ವುಡ್ 212, ಹೈಬ್ರಿಡ್ 190, 5 ಐರನ್ 170. ಇದರಲ್ಲಿ ಬೆಂಗಳೂರಿನ ಪಾಲೂ ಇದೆ. ನಾವು ಸಮುದ್ರ ಮಟ್ಟದಿಂದ 900 ಮೀಟರ್ ಮೇಲಿದ್ದೇವೆ, ಗಾಳಿ ತೆಳು, ಚೆಂಡು ಸ್ವಲ್ಪ ಜಾಸ್ತಿ ಹೋಗುತ್ತದೆ. ಇದೇ ಲೆಕ್ಕ ಇಟ್ಟುಕೊಂಡು ಮಂಗಳೂರಿನ ಪಿಲಿಕುಳದಲ್ಲಿ ಆಡಿದರೆ ಚೆಂಡು ಗ್ರೀನ್ ಮುಟ್ಟುವುದಿಲ್ಲ.

ಮೊದಲು ಟೀ ಶಾಟ್, ಅಂದರೆ ಚೆಂಡನ್ನು ಟೀ ಅನ್ನೋ ಪುಟ್ಟ ಗೂಟದ ಮೇಲಿಟ್ಟು ಹೊಡೆಯುವ ಮೊದಲ ಹೊಡೆತ. ಎದುರು ಗಾಳಿ ಇದ್ದರೆ ಡ್ರೈವರ್ ಬಿಟ್ಟು 3 ವುಡ್ ತಗೋ ಅಂತ ಎಲ್ಲರೂ ಹೇಳ್ತಾರೆ. ನಾನೂ ಎಷ್ಟೋ ವರ್ಷ ಹಾಗೇ ಮಾಡಿದ್ದೆ. ಹೊಡೆದು ಅಳೆದಾಗ ಮಾತ್ರ ಗೊತ್ತಾಯ್ತು: ನನ್ನ 3 ವುಡ್ ಈ ಗಾಳಿಯಲ್ಲಿ 180 ಯಾರ್ಡ್ ದಾಟುವುದೇ ಕಷ್ಟ. ಹೊರಡುವಾಗ ಚೆನ್ನಾಗೇ ಹೊರಡುತ್ತದೆ. 120 ಯಾರ್ಡ್ ಹತ್ತಿರ ಚೆಂಡು ತಲೆ ಎತ್ತುತ್ತದೆ, ಗಾಳಿಪಟದ ಹಾಗೆ ಮೇಲೇರುತ್ತದೆ, ಒಂದು ಕ್ಷಣ ನಿಂತೇಬಿಟ್ಟಿತೇನೋ ಅನಿಸುತ್ತದೆ, ಆಮೇಲೆ ನೆಟ್ಟಗೆ ಕೆಳಗೆ ಬೀಳುತ್ತದೆ. ಬಿದ್ದ ಮೇಲೆ ಉರುಳುವುದೇ ಇಲ್ಲ.

ಯಾಕೆ ಹೀಗೆ? ನನ್ನ ಡ್ರೈವರ್‌ನ ಲಾಫ್ಟ್ (ಕ್ಲಬ್ ಮುಖದ ಓರೆ) 10.5 ಡಿಗ್ರಿ, 3 ವುಡ್‌ದು 15. ಲಾಫ್ಟ್ ಜಾಸ್ತಿ ಆದಷ್ಟೂ ಚೆಂಡಿನ ಹಿಮ್ಮುಖ ಸ್ಪಿನ್ ಜಾಸ್ತಿ. ಆ ಸ್ಪಿನ್ನೇ ಚೆಂಡನ್ನು ಮೇಲೆ ಎತ್ತುವುದು. ಗಂಟೆಗೆ 220 ಕಿಲೋಮೀಟರ್ ವೇಗದಲ್ಲಿ ಹೊರಟ ಚೆಂಡಿಗೆ 25ರ ಎದುರು ಗಾಳಿ ಸಿಕ್ಕರೆ, ಚೆಂಡಿನ ಮಟ್ಟಿಗೆ ಅದು 245ರ ಗಾಳಿ. ಎತ್ತುವ ಬಲ, ತಡೆಯುವ ಬಲ ಎರಡೂ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತವೆ. ಅಂದರೆ ಹೆಚ್ಚುಕಡಿಮೆ ಕಾಲು ಪಾಲು ಜಾಸ್ತಿ. ಹಾಗಾಗಿ ಎದುರು ಗಾಳಿಯಲ್ಲಿ ಲಾಫ್ಟ್ ಜಾಸ್ತಿ ಇರುವ ಕ್ಲಬ್ಬಿಗೇ ಹೆಚ್ಚು ಪೆಟ್ಟು.

ಹಾಗಾದರೆ ಡ್ರೈವರ್? ಮೂರು ಥರ ಹೊಡೆದು ನೋಡಿದೆ. ಎಂದಿನ ಎತ್ತರದ ಟೀ, ಎಂದಿನ ಸ್ವಿಂಗ್: ಸರಾಸರಿ 196. ಆಮೇಲೆ ಟೀ ಪೂರ್ತಿ ನೆಲಕ್ಕೆ ಒತ್ತಿ ಹೊಡೆದೆ. ಚೆಂಡು ಕೆಳಗೇ ಹೋಗುತ್ತದೆ ಅಂದುಕೊಂಡಿದ್ದೆ, ಆದದ್ದು ತಿರುಗು ಮುರುಗು. ಟೀ ತೀರಾ ಕೆಳಗಿದ್ದರೆ ಕೈ ತಾನಾಗೇ ಮೇಲಿಂದ ಕೆಳಕ್ಕೆ ಕಡಿಯುತ್ತದೆ, ಚೆಂಡು ಮುಖದ ಕೆಳಭಾಗಕ್ಕೆ ತಾಗುತ್ತದೆ, ಸ್ಪಿನ್ ಏರುತ್ತದೆ. 188 ಯಾರ್ಡಿಗೇ ಆಟ ಮುಗಿಯಿತು.

ಮೂರನೆಯದನ್ನು ತೋರಿಸಿಕೊಟ್ಟವರು ನನ್ನ ಬ್ಯಾಗ್ ಹೊರುವ ಕ್ಯಾಡಿ. ಮೂವತ್ತು ವರ್ಷದಿಂದ ಇದೇ ಹುಲ್ಲಿನ ಮೇಲೆ ನಡೆದವರು. ನಾನು ಹುಲ್ಲು ಕಿತ್ತು ಗಾಳಿಗೆ ತೂರಿದೆ, ಅದು ಕಾಲ ಹತ್ತಿರವೇ ಬಿತ್ತು. ಟೀ ಹಿಂದಿನ ಬಿದಿರು ಮೆಳೆ ಅಲ್ಲಿ ಗಾಳಿ ಸುಳಿಯುವ ದಾರಿಯನ್ನೇ ಕೆಡಿಸಿತ್ತು. ಅವರು ಹುಲ್ಲು ನೋಡಲಿಲ್ಲ. ಫೇರ್‌ವೇ (ಟೀಯಿಂದ ಗ್ರೀನ್‌ವರೆಗಿನ ಕತ್ತರಿಸಿದ ಹುಲ್ಲಿನ ಹಾದಿ) ಪಕ್ಕದ ನೀಲಗಿರಿ ಮರಗಳ ತುದಿ ತೋರಿಸಿದರು. ತುದಿಗಳು ನಮ್ಮ ಕಡೆ ಬಾಗಿ, ಎಲೆಗಳು ಬೆನ್ನು ತಿರುಗಿಸಿ ಬೆಳ್ಳಗೆ ಕಾಣುತ್ತಿದ್ದವು. "ಬಾಲ್ ಹೋಗೋದು ಅಲ್ಲಿ, ಸಾರ್. ಕೆಳಗೆ ಯಾಕೆ ನೋಡ್ತೀರಾ? ಟೀ ಒಂದು ಚೂರು ಇಳಿಸಿ, ಸಾಕು. ಕೈ ಒಂದಿಂಚು ಕೆಳಗೆ ಹಿಡ್ಕೊಳ್ಳಿ. ಮುಕ್ಕಾಲು ಹೊಡೀರಿ."

"ಅಣ್ಣಾ, ಮುಕ್ಕಾಲು ಹೊಡೆದ್ರೆ ಇನ್ನೂ ಕಮ್ಮಿ ಹೋಗಲ್ವಾ?" ಅಂದೆ. "ನೋಡಿ ಸಾರ್ ನೀವೇ" ಅಂದರು.

ಟೀಯನ್ನು ಕಿರುಬೆರಳ ಅಗಲದಷ್ಟು ಇಳಿಸಿದೆ. ಸಾಮಾನ್ಯವಾಗಿ ಅರ್ಧ ಚೆಂಡು ಡ್ರೈವರ್ ತಲೆಯ ಮೇಲೆ ಕಾಣುತ್ತದಲ್ವಾ, ಈಗ ಕಾಲು ಭಾಗ ಅಷ್ಟೇ. ಗ್ರಿಪ್ ಒಂದಿಂಚು ಕೆಳಗೆ. ಹೊಡೆದ ಮೇಲೆ ಕೈಯನ್ನು ಭುಜದ ಮಟ್ಟದಲ್ಲೇ ನಿಲ್ಲಿಸಿದೆ. ಚೆಂಡು ಗೋಡೆಗಿಂತ ಸ್ವಲ್ಪ ಮೇಲೆ, ಎಲ್ಲೂ ತಲೆ ಎತ್ತದೆ ಹೋಯಿತು. ಬಿದ್ದ ಮೇಲೂ ಉರುಳಿತು. ಹನ್ನೆರಡು ಚೆಂಡಿನ ಸರಾಸರಿ 206, ಏಳು ಚೆಂಡು ಫೇರ್‌ವೇಯಲ್ಲಿ. ಮೆಲ್ಲಗೆ ಹೊಡೆದರೆ ಸ್ಪಿನ್ ಕಮ್ಮಿ, ಸ್ಪಿನ್ ಕಮ್ಮಿಯಾದರೆ ಗಾಳಿಗೆ ಹಿಡಿತ ಸಿಗುವುದಿಲ್ಲ.

ಹೈಬ್ರಿಡ್ ಟೀಯಿಂದ 163 ಯಾರ್ಡ್, ಒಂಬತ್ತು ಫೇರ್‌ವೇಯಲ್ಲಿ. ನೇರ ಹೋಗುತ್ತದೆ ನಿಜ, ಆದರೆ 40 ಯಾರ್ಡ್ ಬಿಟ್ಟುಕೊಟ್ಟರೆ ಮೂರನೇ ಶಾಟ್‌ನಲ್ಲಿ ಗ್ರೀನ್ ಕೈಗೆ ಸಿಗುವುದಿಲ್ಲ. 2006ರ ಬ್ರಿಟಿಷ್ ಓಪನ್‌ನಲ್ಲಿ, ಹಾಯ್‌ಲೇಕ್‌ನ ರಾಯಲ್ ಲಿವರ್‌ಪೂಲ್ ಕೋರ್ಸ್‌ನಲ್ಲಿ, ಟೈಗರ್ ವುಡ್ಸ್ ನಾಲ್ಕು ದಿನಕ್ಕೆ ಒಂದೇ ಒಂದು ಸಲ ಡ್ರೈವರ್ ಹಿಡಿದು ಗೆದ್ದರು ಅಂತ ಕೆಲವರು ಉದಾಹರಣೆ ಕೊಡುತ್ತಾರೆ. ಅಲ್ಲಿ ಆ ಸಲ ನೆಲ ಕಾದು ಗಟ್ಟಿಯಾಗಿತ್ತು, ಚೆಂಡು ಉರುಳುತ್ತಾ ಹೋಗುತ್ತಿತ್ತು. ನಮ್ಮ ಜುಲೈ ತಿಂಗಳ ಜಿಟಿಜಿಟಿ ಮಳೆಯಲ್ಲಿ ನೆನೆದ ಫೇರ್‌ವೇಯಲ್ಲಿ ಅಂಥ ಉರುಳು ಎಲ್ಲಿಂದ ಬರಬೇಕು?

ಒಂದು ಮಾತು. ನಮ್ಮ ಜೊತೆ ಆಡುವ ಎಪ್ಪತ್ತು ದಾಟಿದ ಹಿರಿಯರೊಬ್ಬರಿಗೆ ಈ ಯಾವುದೂ ಹೊಂದಲಿಲ್ಲ. ಅವರ ಸ್ವಿಂಗ್ ನಿಧಾನ, ಚೆಂಡಿಗೆ ಮೇಲೇಳಲು ಲಾಫ್ಟ್ ಬೇಕೇ ಬೇಕು. ಟೀ ಇಳಿಸಿದರೆ ಚೆಂಡು 130 ಯಾರ್ಡಿಗೇ ನೆಲ ಕಚ್ಚುತ್ತಿತ್ತು. ಎಂದಿನ ಟೀ, ಎಂದಿನ ಡ್ರೈವರ್, ಅವರಿಗೆ ಅದೇ ಸರಿ.

ಎರಡನೇ ಶಾಟ್‌ಗೆ 285 ಯಾರ್ಡ್ ಉಳಿದಿರುತ್ತದೆ. ಇಲ್ಲಿ 3 ವುಡ್‌ನ ಆಸೆ ಬಹಳ. ಚೆನ್ನಾಗಿ ತಾಗಿದರೆ 175 ಹೋಗಿ ಕಾಲುವೆಗೆ ಹತ್ತು ಯಾರ್ಡ್ ಈಚೆ ನಿಲ್ಲುತ್ತದೆ. ಇನ್ನೂ ಚೆನ್ನಾಗಿ ತಾಗಿದರೆ ನೀರಿಗೇ. ತುಸು ತಪ್ಪಿದರೆ ಗಾಳಿ ಆ ತಪ್ಪನ್ನು ದೊಡ್ಡದು ಮಾಡಿ ಗೋಡೆಯಾಚೆ ಎಸೆಯುತ್ತದೆ, ನನಗೆ ಹನ್ನೆರಡರಲ್ಲಿ ಮೂರು ಹಾಗೇ ಹೋದವು. 5 ಐರನ್ 145ಕ್ಕೆ ನಿಂತು, ಮುಂದೆ 140 ಯಾರ್ಡ್ ಉಳಿಸುತ್ತದೆ. ಆ ಗಾಳಿಗೆ ಅದು ದೂರವೇ. ಚೆಂಡನ್ನು ಸ್ವಲ್ಪ ಹಿಂಗಾಲಿನ ಕಡೆ ಇಟ್ಟುಕೊಂಡು ಹೈಬ್ರಿಡ್‌ನಲ್ಲಿ ಹೊಡೆದರೆ 160, ಉಳಿಯುವುದು 125. ಟೀಯಲ್ಲಿ ಸೋತ ಕ್ಲಬ್ ಇಲ್ಲಿ ಗೆದ್ದಿತು.

ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಆಡಿದ್ದನ್ನು ನೋಡಿದವರಿಗೆ ಇದು ಹೊಸದಲ್ಲ. ದೂರ ಹೊಡೆಯುವವರ ನಡುವೆ ಅವರು ಹೈಬ್ರಿಡ್, ಫೇರ್‌ವೇ ವುಡ್ ಹಿಡಿದು ಗ್ರೀನ್ ಮುಟ್ಟುತ್ತಾ, ಪಟರ್ (ಗ್ರೀನ್ ಮೇಲೆ ಚೆಂಡು ಉರುಳಿಸುವ ಕ್ಲಬ್) ನಂಬಿಕೊಂಡು ನಾಲ್ಕನೇ ಸ್ಥಾನಕ್ಕೆ ಬಂದರು. ಪದಕ ಒಂದೇ ಹೊಡೆತದ ದೂರದಲ್ಲಿತ್ತು. ಇನ್ನು ಅಮೆರಿಕದ 2007ರ ಮಾಸ್ಟರ್ಸ್ ಟೂರ್ನಿಯಲ್ಲಿ, ಚಳಿಗಾಳಿಯ ವಾರದಲ್ಲಿ, ಝ್ಯಾಕ್ ಜಾನ್ಸನ್ ಒಂದು ಪಾರ್ 5ರಲ್ಲೂ ಎರಡು ಶಾಟ್‌ಗೆ ಗ್ರೀನ್ ಮುಟ್ಟಲು ಹೋಗಲಿಲ್ಲ. ಪ್ರತಿ ಸಲ ತನಗೆ ಒಗ್ಗಿದ ದೂರ ಉಳಿಸಿಕೊಂಡರು. ಆ ಹೋಲ್‌ಗಳಲ್ಲೇ ಒಟ್ಟು 11 ಅಂಡರ್ (ಪಾರ್‌ಗಿಂತ 11 ಹೊಡೆತ ಕಮ್ಮಿ) ಮಾಡಿ ಟೂರ್ನಿ ಗೆದ್ದರು.

ಕೊನೆಗೆ ಆ 125 ಯಾರ್ಡ್. ಗಾಳಿ ಇಲ್ಲದಾಗ ನನಗೆ ಅದು 9 ಐರನ್ (ಐರನ್ ನಂಬರ್ ಕಮ್ಮಿಯಾದಷ್ಟೂ ಚೆಂಡು ದೂರ ಹೋಗುತ್ತದೆ). ಈ ಗಾಳಿಗೆ 8 ಐರನ್ ತಗೊಂಡು ಜೋರಾಗಿ ಹೊಡೆದೆ, ನಾಲ್ಕಕ್ಕೆ ನಾಲ್ಕೂ ಗ್ರೀನ್ ಮುಂದಿನ ಮರಳಿನ ಬಂಕರಿಗೆ. 7 ಐರನ್ ಪೂರ್ತಿ ಸ್ವಿಂಗ್: ಒಮ್ಮೆ ಗ್ರೀನ್ ಮೇಲೆ, ಒಮ್ಮೆ ಹತ್ತು ಯಾರ್ಡ್ ಈಚೆ. ಗಾಳಿಯ ಒಂದೊಂದು ಬೀಸಿಗೆ ಒಂದೊಂದು ಫಲ. 6 ಐರನ್ ತಗೊಂಡು, ಗ್ರಿಪ್ ಇಳಿಸಿ, ಮುಕ್ಕಾಲು ಸ್ವಿಂಗ್ ಮಾಡಿದಾಗ ಮಾತ್ರ ಚೆಂಡು ಮರದ ಅರ್ಧ ಎತ್ತರದಲ್ಲೇ ಹೋಗಿ ಗ್ರೀನ್ ಮಧ್ಯಕ್ಕೆ ಬಿತ್ತು. ಎಂಟರಲ್ಲಿ ಆರು ಸಲ. ಕೆಳಗೆ ಹೋದ ಚೆಂಡು ನಿಲ್ಲದೆ ಓಡಿಬಿಡುತ್ತದೆ ಅಂತ ನನಗೆ ಭಯ ಇತ್ತು. ಎದುರು ಗಾಳಿಯೇ ಅದಕ್ಕೆ ಬ್ರೇಕ್ ಹಾಕಿತು. ಎರಡು ಪುಟ, ಅಲ್ಲೇ ನಿಂತಿತು.

ಬ್ಯಾಗಿನಲ್ಲಿ 14 ಕ್ಲಬ್‌ಗಿಂತ ಜಾಸ್ತಿ ಇಡುವಂತಿಲ್ಲ. ಈ ವರ್ಷ ಜೂನ್ ಬಂದ ಕೂಡಲೇ 3 ವುಡ್ ತೆಗೆದು ಮನೆಯಲ್ಲಿಟ್ಟೆ. ಆ ಜಾಗಕ್ಕೆ ಹಳೇ 4 ಐರನ್ ಬಂದಿದೆ. ಗಾಳಿ ಇನ್ನೂ ಜೋರಾಗಿದ್ದ ದಿನ ಎರಡನೇ ಶಾಟ್‌ಗೆ ಅದು ಹೈಬ್ರಿಡ್‌ಗಿಂತ ಕೆಳಗೆ ಹೋಗುತ್ತದಾ ಅಂತ ನೋಡಬೇಕು. ಇಲ್ಲಿಯವರೆಗೆ ಹೊಡೆದದ್ದು ನಾಲ್ಕೇ ಚೆಂಡು, ಮೂರು ಫೇರ್‌ವೇಯಲ್ಲಿವೆ.