ಭಾಗವತಿಕೆಯ ದನಿಮುದ್ರಣಕ್ಕೆ ಸ್ಕಾರ್ಲೆಟ್ 2ಐ2: ಲೆವೆಲ್‌ನ ದೃಷ್ಟಿಯಿಂದ ಒಂದು ವಿಮರ್ಶೆ

ತಾಳಮದ್ದಳೆ ಕೂಟಗಳನ್ನೂ ಭಜನಾ ಮಂಡಳಿಗಳ ಹಾಡುಗಾರಿಕೆಯನ್ನೂ ಮನೆಯಲ್ಲೇ ಮುದ್ರಿಸಿ ಯೂಟ್ಯೂಬಿಗೆ ಏರಿಸುವ ಕನ್ನಡಿಗರು ಮುಂಬಯಿಯ ಉಪನಗರಗಳಲ್ಲಿ ಈಗ ಸಾಕಷ್ಟಿದ್ದಾರೆ. ಆ ಮುದ್ರಣಗಳಲ್ಲಿ ಕಾಣುವ ದೋಷ ಹೆಚ್ಚಾಗಿ ಮೈಕಿನದ್ದಲ್ಲ, ಲೆವೆಲ್‌ನದ್ದು, ಅಂದರೆ ಮುದ್ರಣವಾಗುವ ಸದ್ದಿನ ಮಟ್ಟದ್ದು. ಪದ್ಯ ತಾರಕಕ್ಕೆ ಏರಿದೊಡನೆ ಸ್ವರ ಬಿರಿಯುತ್ತದೆ. ಅರ್ಥಗಾರಿಕೆ ಆರಂಭವಾದೊಡನೆ ಮಾತು ಕೇಳಿಸದಷ್ಟು ತಗ್ಗುತ್ತದೆ. ಡೊಂಬಿವಲಿಯ ನಮ್ಮ ಫ್ಲ್ಯಾಟಿನಲ್ಲಿ ಭಾಗವತಿಕೆ ಮತ್ತು ಮದ್ದಳೆಯನ್ನು ಮುದ್ರಿಸಲು ನಾನು ಬಳಸುತ್ತಿರುವ ಫೋಕಸ್‌ರೈಟ್ ಕಂಪನಿಯ ಸ್ಕಾರ್ಲೆಟ್ 2ಐ2, ನಾಲ್ಕನೇ ಪೀಳಿಗೆಯ ಆಡಿಯೊ ಇಂಟರ್‌ಫೇಸನ್ನು (ಮೈಕಿನ ದನಿಯನ್ನು ಡಿಜಿಟಲ್ ಆಗಿಸಿ ಕಂಪ್ಯೂಟರಿಗೆ ಕೊಡುವ ಪೆಟ್ಟಿಗೆಯನ್ನು) ಮುಖ್ಯವಾಗಿ ಈ ಒಂದು ದೃಷ್ಟಿಯಿಂದಲೇ ಇಲ್ಲಿ ನೋಡುತ್ತಿದ್ದೇನೆ.

2023ರಲ್ಲಿ ಮಾರುಕಟ್ಟೆಗೆ ಬಂದ ಈ ಪೆಟ್ಟಿಗೆಯಲ್ಲಿ ಮೈಕಿನ ಸಣ್ಣ ಸಂಕೇತವನ್ನು ಹಿಗ್ಗಿಸುವ ಎರಡು ಪ್ರಿಆಂಪ್‌ಗಳಿವೆ; 24 ಬಿಟ್, 192 ಕಿಲೋಹರ್ಟ್ಸ್‌ವರೆಗೆ ಮುದ್ರಣ ಸಾಧ್ಯ; ಗೇನ್‌ನ, ಅಂದರೆ ಹಾಗೆ ಹಿಗ್ಗಿಸುವ ಪ್ರಮಾಣದ, ವ್ಯಾಪ್ತಿ 69 ಡೆಸಿಬೆಲ್. ಪ್ರತಿಯೊಂದು ಗೇನ್ ಗುಬ್ಬಿಯ (ತಿರುಗಿಸುವ ನಾಬ್‌ನ) ಸುತ್ತ ಬೆಳಕಿನ ಒಂದು ಬಳೆಯಿದ್ದು, ಸದ್ದು ಹದವಾಗಿದ್ದಾಗ ಹಸಿರಾಗಿಯೂ ಮಿತಿಗೆ ಹತ್ತಿರವಾದಾಗ ಹಳದಿಗೆಂಪಾಗಿಯೂ ಮಿತಿ ದಾಟಿದಾಗ ಕೆಂಪಾಗಿಯೂ ಉರಿಯುತ್ತದೆ. ಕೈಯಲ್ಲಿ ತಾಳ, ಎದುರಿಗೆ ಪ್ರಸಂಗದ ಪುಸ್ತಕ ಇಟ್ಟುಕೊಂಡು ಹಾಡುವವರಿಗೆ ಕಂಪ್ಯೂಟರಿನ ಪರದೆಯನ್ನು ನೋಡುತ್ತಿರಲು ಆಗುವುದಿಲ್ಲವಾದ್ದರಿಂದ, ಓರೆಗಣ್ಣಿಗೂ ಕಾಣುವ ಈ ಬಳೆಯ ಉಪಯೋಗ ದೊಡ್ಡದು.

ಆದರೆ ಬಳೆ ಹಳದಿಗೆಂಪಿಗೆ ತಿರುಗುವವರೆಗೂ ಗೇನ್ ಏರಿಸಬೇಕೆಂದು ತಿಳಿಯುವವರು ಬಹಳ ಮಂದಿ. ಇದು ಕ್ಯಾಸೆಟ್ ಕಾಲದಿಂದ ಬಂದ ಅಭ್ಯಾಸ. ಟೇಪಿನಲ್ಲಿ ಸದಾ ಒಂದು ಹಿಸ್ ಇರುತ್ತಿತ್ತು; ಅದರಿಂದ ಪಾರಾಗಲು ಸದ್ದನ್ನು ಆದಷ್ಟು ಮೇಲಕ್ಕೆ ತರಬೇಕಿತ್ತು, ಸ್ವಲ್ಪ ಹೆಚ್ಚಾದರೂ ಟೇಪು ಅದನ್ನು ಮೃದುವಾಗಿಯೇ ಅದುಮುತ್ತಿತ್ತು. ಡಿಜಿಟಲ್‌ನಲ್ಲಿ ಸೊನ್ನೆ ಡೆಸಿಬೆಲ್ ಎನ್ನುವುದು ಕಟ್ಟಕಡೆಯ ಮಿತಿ. ಅದರಾಚೆಗಿನ ತರಂಗದ ನೆತ್ತಿ ಕತ್ತರಿಸಿಹೋಗುತ್ತದೆ, ಹಾಗೆ ಹೋದದ್ದನ್ನು ಮಿಕ್ಸಿಂಗ್‌ನಲ್ಲಿ ಇದ್ದ ಹಾಗೆ ಮರಳಿ ತರಲಾಗದು. ಇತ್ತ ಕೆಳಗಿನ ಅವಕಾಶವೋ ಧಾರಾಳವಾಗಿದೆ. ಒಂದು ಬಿಟ್ಟಿಗೆ ಸುಮಾರು 6 ಡೆಸಿಬೆಲ್‌ನಂತೆ 16 ಬಿಟ್ಟಿಗೆ 96, 24 ಬಿಟ್ಟಿಗೆ ಲೆಕ್ಕದಲ್ಲಿ 144. ಈ ಯಂತ್ರದ ಮೈಕ್ ಇನ್‌ಪುಟ್ಟಿಗೆ ಕಂಪನಿ ಹೇಳುವ ಡೈನಮಿಕ್ ರೇಂಜ್, ಅಂದರೆ ಅತಿ ಸಣ್ಣ ಸದ್ದಿಗೂ ಅತಿ ದೊಡ್ಡ ಸದ್ದಿಗೂ ನಡುವಿನ ಅಂತರ, 116 ಡೆಸಿಬೆಲ್. ಫ್ಯಾನ್ ನಿಲ್ಲಿಸಿ ಕಿಟಕಿ ಮುಚ್ಚಿದರೂ ನಮ್ಮ ಕೋಣೆಗಳ ಹಿನ್ನೆಲೆಯ ಸದ್ದು 35-40 ಡೆಸಿಬೆಲ್‌ಗಿಂತ ಕೆಳಗೆ ಇಳಿಯುವುದು ಕಷ್ಟ. ಹತ್ತಿರದ ಮೈಕಿಗೆ ತುಂಬು ಕಂಠದ ಹಾಡು ನೂರರ ಆಸುಪಾಸು ಮುಟ್ಟಿದರೂ ಇವೆರಡರ ನಡುವಿನ ಅಂತರ 60-65 ಡೆಸಿಬೆಲ್ ಮಾತ್ರ. ಹೀಗಿರುವಾಗ ಮೇಲೆ 12 ಡೆಸಿಬೆಲ್ ಖಾಲಿ ಬಿಟ್ಟರೆ ನಷ್ಟವೇನೂ ಇಲ್ಲ. ಸರಾಸರಿ ಮಟ್ಟ ಆ ಸೊನ್ನೆಗಿಂತ 18 ಡೆಸಿಬೆಲ್ ಕೆಳಗೆ, ಅಂದರೆ ಮೈನಸ್ 18ರ ಸುತ್ತ, ಅತಿ ಎತ್ತರದ ಪೆಟ್ಟು ಮೈನಸ್ 12ರಿಂದ ಮೈನಸ್ 8ರೊಳಗೆ ಇರುವಂತೆ ಇಟ್ಟುಕೊಳ್ಳುವುದು ನನ್ನ ಪದ್ಧತಿ. ಪರದೆಯ ಮೇಲೆ ತರಂಗ ಸಪೂರವಾಗಿ ಕಂಡರೆ ಗಾಬರಿಯಾಗಬೇಕಾಗಿಲ್ಲ.

ಈ ಪೀಳಿಗೆಯಲ್ಲಿ ಸೇರಿರುವ 'ಆಟೋ' ಗುಂಡಿಯನ್ನು ಒತ್ತಿ ಹತ್ತು ಸೆಕೆಂಡು ಹಾಡಿದರೆ ಯಂತ್ರವೇ ಗೇನನ್ನು ಹೊಂದಿಸಿಕೊಡುತ್ತದೆ. ಒಳ್ಳೆಯ ಸೌಲಭ್ಯವೇ ಸರಿ, ಆದರೆ ಆ ಹತ್ತು ಸೆಕೆಂಡಿನಲ್ಲಿ ಕೇಳಿದ್ದಷ್ಟೇ ಅದಕ್ಕೆ ಆಧಾರ. ಪರೀಕ್ಷೆಗೆಂದು ಕೂತಾಗ ಬಹುತೇಕರು ಗಣಪತಿ ಸ್ತುತಿಯನ್ನು ಮೆಲುದನಿಯಲ್ಲಿ ಹಾಡುತ್ತಾರೆ, ಯಂತ್ರ ಗೇನನ್ನು ಅದಕ್ಕೆ ತಕ್ಕಂತೆ ಏರಿಸುತ್ತದೆ, ಯುದ್ಧದ ಪದ್ಯ ಬಂದಾಗ ಬಳೆ ಕೆಂಪಾಗುತ್ತದೆ. ಆದ್ದರಿಂದ ಅಂದಿನ ಪ್ರಸಂಗದಲ್ಲಿ ಅತ್ಯಂತ ಏರುದನಿಯ ಪದ್ಯ ಯಾವುದೋ ಅದನ್ನೇ, ಮೈಕಿನಿಂದ ಅಷ್ಟೇ ದೂರದಲ್ಲಿ ಕೂತು, ಪೂರ್ಣ ಕಂಠದಲ್ಲಿ ಹಾಡಬೇಕು. ಮದ್ದಳೆಯವರೂ ಮುಕ್ತಾಯದ ಗಟ್ಟಿ ನುಡಿಕೆಯನ್ನೇ ನುಡಿಸಬೇಕು. ಆ ಬಳಿಕ ಕೈಯಿಂದಲೇ ಇನ್ನು 3-4 ಡೆಸಿಬೆಲ್ ಇಳಿಸಿಡುವುದು ಲೇಸು, ಏಕೆಂದರೆ ಕೂಟ ಕಾವೇರಿದ ಮೇಲೆ ಯಾರ ಕೈಯೂ ಯಾರ ಕಂಠವೂ ಪರೀಕ್ಷೆಯ ಮಟ್ಟದಲ್ಲಿ ನಿಲ್ಲುವುದಿಲ್ಲ.

ಪಕ್ಕದ 'ಸೇಫ್' ಗುಂಡಿ ಹಾಕಿದ್ದರೆ, ಸದ್ದು ಮಿತಿ ಮುಟ್ಟುವ ಹೊತ್ತಿಗೆ ಗೇನ್ ತಾನಾಗಿ ತಗ್ಗುತ್ತದೆ. ಸ್ವರ ಬಿರಿಯುವುದು ತಪ್ಪಿದರೂ, ಇಳಿದ ಗೇನಿನಲ್ಲಿ ಮುಂದಿನ ಭಾಗ ಹಿಂದಿನದಕ್ಕಿಂತ ಸಣ್ಣದಾಗಿ ಕೇಳಿಸಿ, ಆ ಜಾಗವನ್ನು ಆಮೇಲೆ ಹುಡುಕಿ ಸರಿಹೊಂದಿಸುವ ಕೆಲಸ ಉಳಿಯುತ್ತದೆ. ಇದನ್ನು ಕೊನೆಯ ರಕ್ಷಣೆಯಾಗಿ ಮಾತ್ರ ಇಟ್ಟುಕೊಳ್ಳಬೇಕು. 'ಏರ್' ಗುಂಡಿ ತಾರದ ಅಂಶವನ್ನು ಎತ್ತುತ್ತದೆ. ಜಾಗಟೆ ಅಥವಾ ತಾಳ ಇರುವ ಕಡೆ ಅದು ಬೇಡವೇ ಬೇಡ.

ಅರ್ಥಧಾರಿಯ ಮಾತು ತಗ್ಗಿದಾಗ ಮುದ್ರಣದ ನಡುವೆಯೇ ಗೇನ್ ಏರಿಸುವ ಪದ್ಧತಿಯನ್ನು ಹಲವು ಕಡೆ ನೋಡಿದ್ದೇನೆ. ಹಾಗೆ ಮಾಡಕೂಡದು. ಮಾತಿನ ಜೊತೆಗೆ ಕೋಣೆಯ ಸದ್ದೂ ಏರಿಳಿಯುತ್ತದೆ, ಮುಂದಿನ ಪದ್ಯದ ಮೊದಲ ಸಾಲೇ ಬಿರಿಯುವ ಅಪಾಯವೂ ಇರುತ್ತದೆ. ಮಾತಿನ ಭಾಗವನ್ನು ಎತ್ತುವ ಕೆಲಸ ಮಿಕ್ಸಿಂಗ್‌ನದ್ದು. ಅಲ್ಲಿಯೂ ಎಲ್ಲ ಟ್ರ್ಯಾಕ್‌ಗಳು ಕೂಡಿದ ಮಾಸ್ಟರ್ ಮೈನಸ್ 6ರ ಹತ್ತಿರ ಇದ್ದು, ಕೊನೆಗಷ್ಟೇ ಲಿಮಿಟರ್ (ಇಟ್ಟ ಮಿತಿಯನ್ನು ಸದ್ದು ದಾಟದಂತೆ ತಡೆಯುವ ಸಾಧನ) ಹಾಕಿ ಮೈನಸ್ 1 ಟ್ರೂ ಪೀಕ್‌ಗೆ (ತರಂಗದ ನಿಜವಾದ ನೆತ್ತಿಯ ಅಳತೆ) ನಿಲ್ಲಿಸಿದರೆ ಸಾಕು. ಯೂಟ್ಯೂಬ್ ಮೈನಸ್ 14 ಎಲ್‌ಯುಎಫ್‌ಎಸ್‌ಗಿಂತ (ಕಿವಿಗೆ ಅನಿಸುವ ಒಟ್ಟು ಜೋರಿನ ಅಳತೆ) ಜೋರಾದುದನ್ನು ತಗ್ಗಿಸುತ್ತದೆ, ಸಣ್ಣದನ್ನು ಎತ್ತುವುದಿಲ್ಲ. ಆದರೂ ಆ ಅಂಕಿ ಮುಟ್ಟಲೆಂದು ಮದ್ದಳೆಯ ಪೆಟ್ಟುಗಳನ್ನು ಚಪ್ಪಟೆಯಾಗಿಸುವುದಕ್ಕಿಂತ ಮೈನಸ್ 17ಕ್ಕೆ ಬಿಡುವುದೇ ನನಗೆ ಇಷ್ಟ. ಆ ಪೆಟ್ಟಿನ ಮೊನೆಯಲ್ಲೇ ಮದ್ದಳೆಯ ಜೀವವಿದೆ.

ಹೆಡ್‌ಫೋನಿನ ಗುಬ್ಬಿಯನ್ನು ಎಷ್ಟು ತಿರುಗಿಸಿದರೂ ಮುದ್ರಣದ ಮಟ್ಟ ಬದಲಾಗದು ಎಂಬುದನ್ನು ಹೊಸಬರು ನೆನಪಿಡಬೇಕು.

ಹಾಡು ಮತ್ತು ಮದ್ದಳೆ, ಅಥವಾ ಇಬ್ಬರು ಅರ್ಥಧಾರಿಗಳು ಎಂಬಷ್ಟಕ್ಕೆ ಈ ಪೆಟ್ಟಿಗೆಯನ್ನು ನಿಸ್ಸಂಕೋಚವಾಗಿ ಕೊಳ್ಳಬಹುದು. ಚೆಂಡೆಯೂ ಸೇರಿದ ಪೂರ್ಣ ಹಿಮ್ಮೇಳಕ್ಕೆ ಇದು ಸಾಲದು. ಇದೇ ಸಾಲಿನ 4ಐ4 ಕೊಂಡರೂ ಮೈಕಿನ ಪ್ರಿಆಂಪ್‌ಗಳು ಎರಡೇ ಆಗಿರುವುದರಿಂದ, ಅಂಥ ಮಂಡಳಿಯವರು ಹೆಸರಿನ ಅಂಕಿಯನ್ನು ನಂಬದೆ ಮೈಕ್ ಪ್ರಿಆಂಪ್‌ಗಳನ್ನೇ ಎಣಿಸಿ, ಕನಿಷ್ಠ ನಾಲ್ಕಿರುವ ಇಂಟರ್‌ಫೇಸನ್ನು ಆರಿಸಿಕೊಳ್ಳಬೇಕು.